ಆಯುಧಪೂಜೆಯ ದಿನ ಹಾಕಿದ ರ‍್ಯಾಮ್

ನನ್ನ ಮಾವ ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವರು. ವಯಸ್ಸಾದ ಮೇಲೆ ಅಂಗಡಿ ಮುಚ್ಚಿದರು. ಜಯಲಕ್ಷ್ಮಿಪುರಂನ ನಮ್ಮ ಮನೆಯ ಮುಂದಿನ ಕೋಣೆಯನ್ನು ಸೊಸೆಯಾದ ನನಗೆ ಬಿಟ್ಟುಕೊಟ್ಟರು. ಅಲ್ಲಿ ನಾನು ಒಂದು ಕಂಪ್ಯೂಟರ್ ಇಟ್ಟುಕೊಂಡು ಪಿಎಚ್.ಡಿ. ಮಾಡುವವರ ಪ್ರಬಂಧಗಳನ್ನು ಟೈಪ್ ಮಾಡಿಕೊಡುತ್ತಿದ್ದೆ. ಆಗಿನ್ನೂ ತೊಂಬತ್ತರ ದಶಕ ಮುಗಿಯುತ್ತಿತ್ತು. ನಮ್ಮ ಬೀದಿಯಲ್ಲಿ ಕಂಪ್ಯೂಟರ್ ಇದ್ದದ್ದು ನನ್ನ ಹತ್ತಿರ ಮಾತ್ರ, ಅದರ ಜಂಬವೂ ನನಗೆ ಸಾಕಷ್ಟಿತ್ತು.

ಆ ವರ್ಷ ಬೋಗಾದಿಯಿಂದ ಒಬ್ಬ ಉಪನ್ಯಾಸಕಿ ಬರುತ್ತಿದ್ದರು. ವೀರಗಲ್ಲುಗಳ ಮೇಲೆ ಪ್ರಬಂಧ. ರಜಾ ದಿನಗಳಲ್ಲೆಲ್ಲ ಬಸ್ಸು ಹತ್ತಿ ಊರೂರು ಅಲೆದು, ಹೊಲದ ಬದುವಿನಲ್ಲಿ ಬಿದ್ದ ಕಲ್ಲುಗಳನ್ನು ತೊಳೆದು ಫೋಟೊ ತೆಗೆದುಕೊಂಡು ಬಂದವರು. ಅವಧಿ ವಿಸ್ತರಣೆ ಎರಡು ಸಲ ಸಿಕ್ಕಿತ್ತು, ಮೂರನೆಯದು ಇರಲಿಲ್ಲ. ವಿಜಯದಶಮಿಯ ಮಾರನೆಯ ದಿನ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿಯೇ ರದ್ದಾಗುತ್ತಿತ್ತು.

ಬರೀ ಅಕ್ಷರವಿದ್ದಷ್ಟು ಹೊತ್ತು ನನ್ನ ಕಂಪ್ಯೂಟರ್ ಚೆನ್ನಾಗಿಯೇ ನಡೆಯಿತು. ಫೋಟೊಗಳ ಅಧ್ಯಾಯ ತೆರೆದ ಕೂಡಲೇ ಕಲ್ಲಿನ ಹಾಗೆ ನಿಂತುಬಿಡುತ್ತಿತ್ತು. ಮೆಮೊರಿ ಸಾಲುವುದಿಲ್ಲ, ಇನ್ನೊಂದು ರ‍್ಯಾಮ್ ಹಾಕಬೇಕು ಎಂದರು ಕಂಪ್ಯೂಟರ್ ಅಂಗಡಿಯವರು. ಗೇಣುದ್ದವೂ ಇಲ್ಲದ ಹಸಿರು ಪಟ್ಟಿ, ಅದರ ಒಂದು ಅಂಚಿಗೆ ಸಾಲಾಗಿ ಬಂಗಾರದ ಬಣ್ಣದ ಹಲ್ಲುಗಳು. ಕೊಂಡು ತಂದೆ. ದಸರಾ ಸಮಯ, ಮನೆಗೆ ಬಂದು ಹಾಕಿಕೊಡಲು ಅವರಿಗೆ ಪುರುಸೊತ್ತಿರಲಿಲ್ಲ. ಹಾಕುವುದು ಹೇಗೆಂದು ನನಗೇ ತೋರಿಸಿ ಕಳಿಸಿದರು.

ನಮ್ಮ ಮನೆಯಲ್ಲಿ ಹೊಸ ವಸ್ತುವನ್ನು ಪೂಜೆಯಿಲ್ಲದೆ ಬಳಸುವ ರೂಢಿಯಿಲ್ಲ, ಮರುದಿನವೇ ಆಯುಧಪೂಜೆ ಬೇರೆ. ಬೆಳಿಗ್ಗೆ ಮಾವ ತಮ್ಮ ಚಿಮಟ, ಸಣ್ಣ ಸ್ಕ್ರೂಡ್ರೈವರ್, ಕುಂಚ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ಎಲ್ಲವನ್ನೂ ಒರೆಸಿ ತಟ್ಟೆಯಲ್ಲಿಟ್ಟು ವಿಭೂತಿ ಹಚ್ಚಿ ಹೂವಿಟ್ಟರು. ನಾನು ಮಾನಿಟರ್‌ಗೆ, ಕೀಬೋರ್ಡ್‌ಗೆ, ಕೊನೆಗೆ ಹೊಸ ರ‍್ಯಾಮ್‌ಗೆ ಪೂಜೆ ಮಾಡಿದೆ. ಮಧ್ಯಾಹ್ನ ಅದನ್ನು ಕಂಪ್ಯೂಟರಿನೊಳಗೆ ಒತ್ತಿ ಕೂರಿಸಿ ಸ್ವಿಚ್ ಹಾಕಿದರೆ ಪರದೆ ಕಪ್ಪಗೇ ಇತ್ತು. ಒಳಗಿನಿಂದ ಉದ್ದಕ್ಕೆ ಕೀಂ, ಕೀಂ ಎಂದು ಸದ್ದು.

ಪಕ್ಕದಲ್ಲಿ ಕೂತಿದ್ದ ಉಪನ್ಯಾಸಕಿಯ ಮುಖ ಬಿಳಿಚಿಕೊಂಡಿತು. ಬೈಂಡಿಂಗ್‌ನವರು, ವಿಜಯದಶಮಿ ಬೆಳಿಗ್ಗೆ ಹಾಳೆ ತಂದುಕೊಟ್ಟರೆ ಮೊದಲ ಕೆಲಸ ನಿಮ್ಮದೇ ಎಂದು ಒಪ್ಪಿದ್ದರು. ಎಂದರೆ ಆಯುಧಪೂಜೆಯ ಆ ಸಂಜೆಯೊಳಗೆ ಎಲ್ಲವೂ ಪ್ರಿಂಟ್ ಆಗಬೇಕಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. ಅಂಗಡಿಯವರ ಮನೆಗೆ ಫೋನ್ ಮಾಡಿ, "ಕೆಟ್ಟ ಮಾಲು ಕೊಟ್ಟು ಹಬ್ಬ ಮಾಡ್ತಾ ಕೂತಿದ್ದೀರಲ್ರೀ" ಎಂದು ಹಿಗ್ಗಾಮುಗ್ಗಾ ಬೈದೆ. ಅವರು ಪಾಪ, "ಹಬ್ಬ ಮುಗೀಲಿ ಮೇಡಂ, ಬದಲಾಯಿಸಿ ಕೊಡ್ತೀನಿ" ಎಂದರು. ಹಬ್ಬ ಮುಗಿಯುವ ಹೊತ್ತಿಗೆ ಉಪನ್ಯಾಸಕಿಯ ಕಥೆಯೂ ಮುಗಿಯುತ್ತಿತ್ತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಾವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಒಳಗೆ ಬಂದು, "ಬಯ್ಯೋದು ಆಮೇಲೆ ಕಣಮ್ಮ. ಅದು ಎಲ್ಲಿ ತಾಗುತ್ತೆ ತೋರ್ಸು" ಎಂದರು. ನಾನು ಆ ಪಟ್ಟಿಯನ್ನು ಹೊರತೆಗೆದು ಹಲ್ಲುಗಳನ್ನೂ ಅವು ಕೂರುವ ಸಂದನ್ನೂ ತೋರಿಸಿದೆ. ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. ಪೂಜೆಯ ತಟ್ಟೆಯ ಕಡೆ ತಿರುಗಿದರು.

ಆಯುಧಪೂಜೆಗೆ ಇಟ್ಟದ್ದನ್ನು ವಿಜಯದಶಮಿಯ ಮರುಪೂಜೆಯವರೆಗೆ ಮುಟ್ಟಬಾರದು ಎಂಬುದು ಮಾವನ ನೇಮ. ನನ್ನ ಯಂತ್ರದ ವಿಷಯಕ್ಕೆ ಅವರು ಬರುತ್ತಿರಲಿಲ್ಲ, ಆದರೆ ತಮ್ಮ ಆಯುಧಗಳನ್ನು ಮಾತ್ರ ಆ ದಿನ ಒಂದು ವರ್ಷವೂ ಮುಟ್ಟಿದವರಲ್ಲ. ಮದುವೆ ಗಂಡೊಬ್ಬ ನಿಂತುಹೋದ ವಾಚು ಹಿಡಿದು ಬಂದಾಗಲೂ ನಾಳೆ ಬಾ ಎಂದಿದ್ದರಂತೆ. ಅಂಥವರು ಕೈಮುಗಿದು, ಪೂಜೆ ವಿಸರ್ಜಿಸುವಂತೆ ತಟ್ಟೆಯನ್ನು ಒಂದಿಷ್ಟು ಬಲಕ್ಕೆ ಕದಲಿಸಿ, ಹೂವು ತೆಗೆದು ಮಸೂರವನ್ನು ಎತ್ತಿಕೊಂಡರು.

"ಮಾವ, ನಾಳೆವರೆಗೂ ಮುಟ್ಟಲ್ಲ ಅಂತೀರಲ್ಲ" ಎಂದೆ.

"ಆ ತಾಯಿ ಅಳ್ತಾ ಕೂತಿದ್ರೆ ನಾನು ಯಾವ ಪೂಜೆ ಮಾಡ್ಲಿ, ಬುಡು" ಎಂದರು.

ಮಸೂರ ಸಿಕ್ಕಿಸಿಕೊಂಡು ನೋಡಿದವರೇ ಮೆಲ್ಲಗೆ ನಕ್ಕು ಅದನ್ನು ನನಗೆ ಕೊಟ್ಟರು. ನಾನೂ ನೋಡಿದೆ. ಬಂಗಾರದ ಹಲ್ಲುಗಳ ಮೇಲೆ, ಬರಿಗಣ್ಣಿಗೆ ಕಾಣದಷ್ಟು ತೆಳ್ಳಗೆ, ಒಣಗಿದ ವಿಭೂತಿಯ ಮೂರು ಗೆರೆ, ಮಧ್ಯದಲ್ಲಿ ಕುಂಕುಮದ ಪುಡಿ. ಬೆಳಿಗ್ಗೆ ನನ್ನ ಬೆರಳುಗಳೇ ಭಕ್ತಿಯಿಂದ ಎಳೆದ ಗೆರೆಗಳು! ಹಾಕುವ ಮುಂಚೆ ಒರೆಸಿದ್ದೆ, ಅದೂ ಅವಸರದಲ್ಲಿ, ಮೇಲೆ ಮೇಲೆ ಮಾತ್ರ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಅಂಗಡಿಯವರಿಗೆ ಬೈದದ್ದಾಗಿತ್ತು. ನಾಚಿಕೆಯಿಂದ ಮಸೂರವನ್ನು ಮಾವನಿಗೆ ಹಿಂದಿರುಗಿಸಿದೆ.

ಮಾವ ಮುಂದೆ ಹಾಳೆ ಹಾಸಿಕೊಂಡು ಕೆಲಸಕ್ಕೆ ಕೂತರು. ಕುಂಚದಿಂದ ಪುಡಿ ಉದುರಿಸಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಒಂದೊಂದೇ ಹಲ್ಲನ್ನು ಉಜ್ಜಿದರು. ಕಂಪ್ಯೂಟರಿನ ಸಂದಿಯೊಳಗೂ ವಾಚಿನ ಧೂಳು ಊದುವ ಸಣ್ಣ ರಬ್ಬರ್ ಬುರುಡೆಯನ್ನು ಒತ್ತಿ ಗಾಳಿ ಊದಿದರು. ಅವರಿಗೆ ಮೆಮೊರಿ ಎಂದರೇನೆಂದೇ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಎರಡು ಲೋಹ ಒಂದಕ್ಕೊಂದು ಶುದ್ಧವಾಗಿ ತಾಗಬೇಕು, ಅಷ್ಟೇ ಅವರಿಗೆ ಬೇಕಾಗಿದ್ದ ವಿದ್ಯೆ. ಎರಡು ಕಂಪ್ಯೂಟರ್ ಕೋರ್ಸು ಮಾಡಿದ್ದ ನಾನು ಆ ಕೈಗಳನ್ನು ನೋಡುತ್ತಾ ಕೂತೆ. ಆತುರವೆಂಬುದನ್ನು ಆ ಕೈಗಳು ಕಂಡೇ ಇರಲಿಲ್ಲ. ಅವರ ಮೇಲೆ ಎಂದೂ ಇಲ್ಲದಷ್ಟು ಗೌರವ ಹುಟ್ಟಿತು.

ಈ ಸಲ ಸ್ವಿಚ್ ಹಾಕಿದಾಗ ಒಂದೇ ಒಂದು ಚಿಕ್ಕ ಸದ್ದು, ಆಮೇಲೆ ಪರದೆಯ ಮೇಲೆ ಮೆಮೊರಿಯ ಅಂಕಿ ಸರಸರನೆ ಏರಿತು. ಫೋಟೊಗಳ ಅಧ್ಯಾಯ ತೆರೆಯಿತು. ಕತ್ತಿ ಹಿಡಿದ ವೀರರು ಒಬ್ಬರ ಹಿಂದೊಬ್ಬರು ಪ್ರಿಂಟರಿನಿಂದ ಹೊರಬಂದರು. ಮಾವನೇ ಫೋನು ತಂದು ನನ್ನ ಕೈಗಿತ್ತು, "ಈಗ ಅಂಗಡಿಯೋರಿಗೆ ತಪ್ಪಾಯ್ತು ಅನ್ನಮ್ಮ" ಎಂದರು. ಅಂದೆ.

ಕೊನೆಗೆ ಉಳಿದದ್ದು ಕೃತಜ್ಞತೆಯ ಪುಟ. ಉಪನ್ಯಾಸಕಿ ಅದರಲ್ಲಿ ಮಾವನ ಹೆಸರು ಸೇರಿಸಿ ಎಂದರು. ಮಾವ ಗಾಬರಿಯಾದರು. "ಬ್ಯಾಡಿ ತಾಯಿ, ಓದಿದೋರ ಮಧ್ಯೆ ನನ್ ಹೆಸರ್ಯಾಕೆ? ಹಾಕ್ಬೇಡ ಕಣಮ್ಮ" ಎಂದು ನನಗೂ ಹೇಳಿ ಸ್ನಾನಕ್ಕೆ ಹೋದರು, ಮತ್ತೆ ಪೂಜೆಗೆ ಕೂರಬೇಕಿತ್ತಲ್ಲ.

ಮಾವನ ಮಾತನ್ನು ನಾನು ಅದುವರೆಗೂ ಮೀರಿರಲಿಲ್ಲ. ಬಚ್ಚಲಲ್ಲಿ ನೀರಿನ ಸದ್ದು ಕೇಳಿದ ಮೇಲೆ ಅವರ ಹೆಸರನ್ನು ಟೈಪ್ ಮಾಡಿದೆ, ಮಾರ್ಗದರ್ಶಕರ ಹೆಸರಿನ ಕೆಳಗೇ.