ಬಿಸಿ ತೋರಿಸದ ಮುಳ್ಳು

ಗ್ಯಾರೇಜುಗಳ ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಮೀಟರ್ ತಂಗಿ ಎಂದು. ಬೀದಿಯ ತುದಿಯ ದೊಡ್ಡ ಗ್ಯಾರೇಜಿನ ಯಜಮಾನನ ಹೆಂಡತಿ ಅವಳ ಸ್ವಂತ ಅಕ್ಕ. ಅಕ್ಕನಿಗೆ ತಂಗಿಯಾದವಳು ಬೀದಿಗೆಲ್ಲ ತಂಗಿಯಾದಳು, ನಲವತ್ತಮೂರಾಗಿ ಕಿವಿಯ ಪಕ್ಕದ ಕೂದಲು ಬೆಳ್ಳಗಾದರೂ ತಂಗಿಯಾಗಿಯೇ ಉಳಿದಳು. ಹಳೆಯ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಸತ್ತು ಕೂತ ಮೀಟರುಗಳಿಗೆ ಜೀವ ಕೊಡುವುದು ಅವಳ ಕಸುಬು. ಹೊರಗಿನ ಗಾಜು, ಡಯಲ್ಲು, ಮುಳ್ಳು ಎಲ್ಲ ಹಳೆಯವೇ. ಒಳಗೆ ಮಾತ್ರ ಅವಳೇ ಬೆಸುಗೆ ಹಾಕಿದ ಪುಟ್ಟ ಬೋರ್ಡು, ಅವಳೇ ಬರೆದ ಪ್ರೋಗ್ರಾಂ, ಮುಳ್ಳು ತಿರುಗಿಸಲು ಒಂದು ಚಿಕ್ಕ ಮೋಟಾರು. ನೋಡಿದವರಿಗೆ ಕಾರು ಹುಟ್ಟಿದ ದಿನದ ಮೀಟರೇ ಅನ್ನಿಸಬೇಕು, ಅದು ಅವಳ ಹಟ.

ಅವಳಿಗೆ ಇನ್ನೊಂದು ಹಟವೂ ಇತ್ತು. ಹನ್ನೊಂದು ವರ್ಷ ಹೊಟ್ಟೆಯೊಳಗಿಟ್ಟು ಸಾಕಿದ್ದು. ಅಪ್ಪನ ಹೆಸರು ಕೆಡಿಸಿದ ಭಾವ ಅದೇ ಬೀದಿಯ ಮುಂದೆ, ತನ್ನದೇ ಬಾಯಿಂದ, ತಪ್ಪು ನನ್ನದು ಎಂದು ಹೇಳಬೇಕು. ಎದುರಿಗೆ ಅವಳು ಭಾವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದಳು. ಮನಸ್ಸಿನಲ್ಲಿ ಮಾತ್ರ ಏಕವಚನ. ಈ ಕತೆಯೂ ಅವಳ ಮನಸ್ಸಿನ ಪ್ರಕಾರವೇ ನಡೆಯಲಿ.

ಅವಳ ಅಪ್ಪನೂ ಮೀಟರಿನವರೇ. ಬೀದಿಯವರು ಮೀಟರಪ್ಪ ಎನ್ನುತ್ತಿದ್ದರು. ಅವರ ಕಾಲದಲ್ಲಿ ಬೋರ್ಡು ಗೀರ್ಡು ಇರಲಿಲ್ಲ. ಕೂದಲೆಳೆಯಂಥ ತಂತಿಯನ್ನು ಕೈಯಲ್ಲೇ ಸುತ್ತುತ್ತಿದ್ದರು. ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಬಿಸಿ ಅಳೆಯುವ ಸೆನ್ಸರ್ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು, ಮುಳ್ಳು ಒಂದು ಗೆರೆ ಆಚೀಚೆ ಆದರೂ ಮತ್ತೆ ಬಿಚ್ಚುತ್ತಿದ್ದರು. ಅಳಿಯನೆಂದರೆ ಅವರಿಗೆ ಎಲ್ಲಿಲ್ಲದ ಗೌರವ. ಮಗನ ವಯಸ್ಸಿನವನನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. "ಅಳಿಯಂದ್ರೇ, ಇದೊಂಚೂರು ನೋಡಿ." "ಅಳಿಯಂದ್ರೇ, ಊಟ ಆಯ್ತಾ?" ಬೀದಿಯವರು ಆ ರಾಗವನ್ನು ಅಣಕಿಸಿ ನಗುತ್ತಿದ್ದರು, ಅಪ್ಪನೂ ಅವರ ಜೊತೆ ನಗುತ್ತಿದ್ದರು.

ಆ ಬೀದಿಗೊಂದು ಪದ್ಧತಿ ಇದೆ. ಯಾವ ಗ್ಯಾರೇಜಿನಲ್ಲಿ ಹಳೆ ಕಾರು ಸಿದ್ಧವಾದರೂ ಮೊದಲ ಚಾವಿಗೆ ಎಲ್ಲ ಕೆಲಸಗಾರರೂ ಬಂದು ಸುತ್ತ ನಿಲ್ಲಬೇಕು. ಅಲ್ಲಿಯವರೆಗೆ ಬ್ಯಾಟರಿ ಜೋಡಿಸುವ ಹಾಗಿಲ್ಲ. ಚಾವಿ ತಿರುಗಿಸಿದವನು ಒಂದೊಂದೇ ಮೀಟರು ನೋಡಿ, ಅದು ಏನು ತೋರಿಸುತ್ತದೋ ಅದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಬೇಕು.

ಹನ್ನೊಂದು ವರ್ಷದ ಹಿಂದೆ ಭಾವ ಒಬ್ಬ ಗಿರಾಕಿಯ ಕಾರಿಗೆ ಹಾಗೆಯೇ ಚಾವಿ ತಿರುಗಿಸಿದ. ಮೀಟರು ಅಪ್ಪನದು, ಎಂಜಿನ್ನಿಗೆ ಸೆನ್ಸರ್ ಹಾಕಿದ್ದು ಭಾವ. ಎಲ್ಲ ಸರಿ ಎಂದು ಓದಿ, ಗಿರಾಕಿಯನ್ನು ಕೂರಿಸಿಕೊಂಡು ಗುಡ್ಡದ ರಸ್ತೆ ಹತ್ತಿಸಿದ. ಬಿಸಿಯ ಮುಳ್ಳು ಕೆಳಗಿನ ಗೆರೆ ಬಿಟ್ಟು ಕದಲಲಿಲ್ಲ. ಬಾನೆಟ್ಟಿನಿಂದ ಹೊಗೆ ಬರುವಷ್ಟರಲ್ಲಿ ಎಂಜಿನ್ ಜಾಮಾಗಿತ್ತು. ಹಗ್ಗ ಕಟ್ಟಿ ಎಳೆದು ತಂದ ಕಾರಿನ ಮುಂದೆ ನಿಂತು ಭಾವ ಬೀದಿಗೆಲ್ಲ ಕೇಳುವಂತೆ ಕೂಗಿದ.

"ಮಾವನ ಮೀಟರ್ ಸುಳ್ಳು ಹೇಳ್ತು! ಮುಳ್ಳು ಕೆಳಗೇ ಮಲಗಿತ್ತು. ನಾನೇನ್ ಮಾಡ್ಲಿ?"

ಅಪ್ಪ ಮೆತ್ತಗೆ ಕೇಳಿದರು. "ಟೇಪ್ ಸುತ್ತಿದ್ರಾ, ಅಳಿಯಂದ್ರೇ?"

"ನನಗೇ ಕೆಲಸ ಕಲಿಸ್ತೀರಾ? ನಿಮಗೆ ಕಣ್ಣು ಕಾಣಲ್ಲ, ಕೈ ನಡುಗುತ್ತೆ. ಸುಮ್ನೆ ಮನೇಲಿ ಕೂತ್ಕೊಳ್ಳಿ."

ಅಪ್ಪ ಕೇಳಿದ್ದರಲ್ಲಿ ಅರ್ಥವಿತ್ತು. ಸೆನ್ಸರಿಗೆ ಬರುವುದು ಒಂದೇ ತಂತಿ. ಆ ತಂತಿಯಲ್ಲಿ ಬಂದ ಕರೆಂಟು ಸೆನ್ಸರಿನ ಥ್ರೆಡ್ಡಿನ, ಅಂದರೆ ತಿರುಪಿನ ಗೆರೆಗಳ, ಮೂಲಕವೇ ಎಂಜಿನ್ನಿನ ಕಬ್ಬಿಣಕ್ಕೆ ಇಳಿಯಬೇಕು, ಅದೇ ಅದರ ಅರ್ತಿಂಗ್. ನೀರು ಸೋರದಿರಲಿ ಎಂದು ನಲ್ಲಿಯವರು ಸುತ್ತುವ ಬಿಳಿ ಟೇಪನ್ನು ಅಲ್ಲಿ ಸುತ್ತಿದರೆ ನೀರೂ ಸೋರುವುದಿಲ್ಲ, ಕರೆಂಟೂ ಇಳಿಯುವುದಿಲ್ಲ. ಎಂಜಿನ್ ಕೊತಕೊತ ಕುದಿಯುತ್ತಿದ್ದರೂ ಮುಳ್ಳು ತಣ್ಣಗಿದೆ ಎಂದೇ ತೋರಿಸುತ್ತದೆ. ಮೀಟರಿನವರು ಮೊದಲ ದಿನ ಕಲಿಯುವ ಪಾಠ ಇದು. ಭಾವ ಎಂಜಿನ್ನಿನವನು, ಅವನಿಗೆ ಸೋರುವುದೊಂದೇ ಭಯ.

ಆ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಎಂಜಿನ್ ಮರುದಿನವೇ ಗುಜರಿಗೆ ಹೋಯಿತು. ಅಪ್ಪನ ಹತ್ತಿರ ಕೆಲಸ ತರುವುದನ್ನು ಜನ ನಿಲ್ಲಿಸಿದರು. ಅದಕ್ಕಿಂತ ಹೆಚ್ಚಾಗಿ ಉರಿಸಿದ್ದು ಬೀದಿಯ ಹೊಸ ತಮಾಷೆ. ಯಾರಾದರೂ ಸುಳ್ಳು ಹೇಳಿದರೆ "ಇವನ ಮಾತು ಮೀಟರಪ್ಪನ ಮುಳ್ಳು" ಎಂದು ನಗತೊಡಗಿದರು. ಅಪ್ಪ ಅದನ್ನು ತಮ್ಮ ಕಿವಿಯಾರೆ ಕೇಳಿಸಿಕೊಂಡು ಎರಡು ವರ್ಷ ಬದುಕಿದರು.

ಅವರು ಹೋದ ಮೇಲೆ ಅವಳು ಗುಜರಿ ಅಂಗಡಿಯ ರಾಶಿಯಲ್ಲಿ ಮೂರು ದಿನ ಹುಡುಕಿ ಆ ಎಂಜಿನ್ ಪತ್ತೆ ಹಚ್ಚಿದಳು. ಸೆನ್ಸರ್ ಇನ್ನೂ ಅದರಲ್ಲೇ ಇತ್ತು. ತಿರುಗಿಸಿ ತೆಗೆದಾಗ ಥ್ರೆಡ್ಡಿಗೆ ಮೂರು ಸುತ್ತು ಟೇಪು, ಕೊನೆಯನ್ನು ಹೊಸೆದು ಒಳಗೆ ಸಿಕ್ಕಿಸಿತ್ತು. ಅದನ್ನು ಅಪ್ಪನ ಮಾತ್ರೆ ಡಬ್ಬಿಯಲ್ಲಿಟ್ಟು ನೆಟ್ಟಗೆ ಅಕ್ಕನ ಹತ್ತಿರ ಹೋದಳು. ಅಕ್ಕ ನೋಡಿ ಕಣ್ಣೊರೆಸಿಕೊಂಡು, "ಹೋದೋರು ಹೋದ್ರು ಕಣೇ. ನನ್ನ ಸಂಸಾರಕ್ಕೆ ಬೆಂಕಿ ಹಚ್ಚಬೇಡ," ಎಂದಳು. ಬೀದಿಯಲ್ಲಿ ತೋರಿಸಿದರೂ ನೀನೇ ಸುತ್ತಿಕೊಂಡು ಬಂದಿದ್ದೀಯ ಅನ್ನುತ್ತಾನೆ ಭಾವ, ಅಷ್ಟು ಗೊತ್ತಿತ್ತು. ಡಬ್ಬಿ ಅವಳ ಮೇಜಿನ ಖಾನೆ ಸೇರಿತು.

ಈ ವರ್ಷ ಭಾವನೇ ಅವಳ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ತನಗೇ ಎಂದು ಮೂರು ವರ್ಷ ಮುತುವರ್ಜಿಯಿಂದ ಕಟ್ಟಿದ ಕೆನೆಬಣ್ಣದ ಹಳೆ ಕಾರು, ಅದರ ಮೀಟರುಗಳು ಮಾತ್ರ ಯಾರ ಕೈಗೂ ಬಗ್ಗಿರಲಿಲ್ಲ.

"ನಿನ್ನ ಕೈಕೆಲಸ ಚೆನ್ನಾಗಿದೆ ಅಂತಾರಮ್ಮ. ನಮ್ಮ ಕಾರಿಗೂ ಮಾಡ್ಕೊಡು," ಎಂದ. ಹೊರಡುವಾಗ ಹಲ್ಲು ಕಿಸಿದು, "ನೋಡು ಮತ್ತೆ, ಮೀಟರಪ್ಪನ ಮುಳ್ಳು ಆಗ್ಬಾರ್ದು," ಎಂದ.

"ಆಗಲ್ಲ ಬಿಡಿ ಭಾವ," ಎಂದಳು ಅವಳು. ನಗುನಗುತ್ತಲೇ ಎಂದಳು. ಒಳಗೆ ಮೈಯೆಲ್ಲ ಧಗಧಗ ಉರಿಯುತ್ತಿತ್ತು.

ಮೊದಲು ಹೊಳೆದದ್ದು ಸುಲಭದ ಸೇಡು. ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ಸೇರಿಸಿದಳು. ಎಷ್ಟೇ ಕಾದರೂ ಬಿಸಿಯ ಮುಳ್ಳು ಎಂಬತ್ತು ಡಿಗ್ರಿ ದಾಟಬಾರದು. ಮಧ್ಯಾಹ್ನ ಒಲೆಯ ಮೇಲೆ ನೀರಿಟ್ಟು, ಅಪ್ಪ ಮಾಡುತ್ತಿದ್ದ ಹಾಗೆಯೇ ಸೆನ್ಸರ್ ಇಳಿಬಿಟ್ಟು ನೋಡಿದಳು. ನೀರು ಕುದಿದು ಉಕ್ಕಿತು, ಮುಳ್ಳು ಎಂಬತ್ತರಲ್ಲೇ ಹಾಯಾಗಿ ನಿಂತಿತು. ಅವನ ಮೂರು ವರ್ಷದ ಎಂಜಿನ್ ಗುಡ್ಡದ ರಸ್ತೆಯಲ್ಲಿ ಸುಟ್ಟು ಕರಕಲಾಗುವುದನ್ನು ನೆನೆದು ಒಬ್ಬಳೇ ಗಟ್ಟಿಯಾಗಿ ನಕ್ಕಳು. ಅಂಥ ಸುಖ ಅವಳಿಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

ನಗು ಮುಗಿಯುವ ಮೊದಲೇ ಆ ಮುಳ್ಳಿನ ಮೇಲೆ ಮತ್ತೆ ಕಣ್ಣು ಬಿದ್ದು ಒಲೆ ಆರಿಸಿದಳು. ಅಪ್ಪನ ಮುಳ್ಳು ಸುಳ್ಳು ಹೇಳಿರಲಿಲ್ಲ. ಈಗ ಮಗಳ ಮುಳ್ಳು ಹೇಳಿದರೆ ಬೀದಿಯ ತಮಾಷೆ ನಿಜವಾಗಿಬಿಡುತ್ತದೆ, ಅದನ್ನು ನಿಜ ಮಾಡಿದವಳೂ ತಾನೇ ಆಗುತ್ತಾಳೆ. ನಾಲ್ಕೂ ಸಾಲು ಅಳಿಸಿದಳು. ಭಾವನ ಮೇಲಿನ ಕನಿಕರದಿಂದ ಅಲ್ಲ ಮತ್ತೆ, ಕನಿಕರ ಅವಳ ಹತ್ತಿರವೂ ಸುಳಿದಿರಲಿಲ್ಲ.

ಎರಡನೆಯ ಉಪಾಯಕ್ಕೆ ಒಂದೇ ಸಾಲು ಸಾಕಾಯಿತು. ಡಯಲ್ಲಿನ ಕೆಳಗೆ ಓಡಿದ ಮೈಲಿ ತೋರಿಸುವ ಕಿಂಡಿಯಲ್ಲಿ ಅವಳು ಪುಟ್ಟ ಪರದೆ ಕೂರಿಸಿದ್ದಳು. ಬಿಸಿಯ ಸೆನ್ಸರಿಗೆ ಅರ್ತಿಂಗ್ ಸಿಗದಿದ್ದರೆ ಅಲ್ಲಿ ಒಂದು ಮಾತು ಬರಬೇಕೆಂದು ಬರೆದಳು. ಒಂದು ಸೆನ್ಸರಿಗೆ ಟೇಪು ಸುತ್ತಿ ಪರೀಕ್ಷೆಯನ್ನೂ ಮಾಡಿದಳು. ಮೀಟರುಗಳನ್ನು ತಲುಪಿಸುವಾಗ ಸೆನ್ಸರಿನ ಜೊತೆ ತಾಮ್ರದ ವಾಷರ್ ಇಟ್ಟು, ಹೇಗೆ ಜೋಡಿಸಬೇಕೆಂದು ಒಂದು ಕಾಗದವನ್ನೂ ಕೊಟ್ಟಳು. ಮೂರನೆಯ ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿದ್ದಳು, ಟೇಪು ಸುತ್ತಬಾರದು, ವಾಷರ್ ಸಾಕು.

"ಎಂಜಿನ್ ಕೆಲಸ ನನಗೆ ಬರಲ್ಲ ಭಾವ. ಸೆನ್ಸರ್ ಮಾತ್ರ ನೀವೇ ಹಾಕ್ಕೊಳ್ಳಿ."

ಭಾವ ಉಬ್ಬಿಹೋದ. "ಅದನ್ನ ಬೇರೆ ಹೇಳ್ಬೇಕಾ?" ಎಂದು ಕಾಗದದ ಮೇಲೆ ಚಹಾದ ಲೋಟ ಇಟ್ಟ. ಅವನು ಅದನ್ನು ಓದದೆ ಇರಲಿ ಎಂದು ಅವಳು ಕಂಡ ಕಂಡ ದೇವರಿಗೆಲ್ಲ ಬೇಡಿಕೊಂಡಳು. ಓದಿಬಿಟ್ಟರೆ ಹನ್ನೊಂದು ವರ್ಷ ನೀರುಪಾಲು.

ಮೊದಲ ಚಾವಿಯ ದಿನ ಬೆಳಿಗ್ಗೆ ಇಡೀ ಬೀದಿ ದೊಡ್ಡ ಗ್ಯಾರೇಜಿನಲ್ಲಿತ್ತು. ಎಲ್ಲರಿಗಿಂತ ಹಿರಿಯನಾದ ವೆಲ್ಡಿಂಗ್ ಅಜ್ಜ ಕಾರಿನ ಬಾಗಿಲಿಗೇ ಒರಗಿ ನಿಂತಿದ್ದ. ಅಕ್ಕ ಒಳಬಾಗಿಲಲ್ಲಿದ್ದಳು. ತಂಗಿ ಹಿಂದೆ, ಟೈರುಗಳ ಪಕ್ಕ, ಸೆರಗಿನಲ್ಲಿ ಮಾತ್ರೆ ಡಬ್ಬಿ ಹಿಡಿದು ನಿಂತಿದ್ದಳು.

ಬ್ಯಾಟರಿ ಜೋಡಿಸಿದರು. ಭಾವ ಗತ್ತಿನಿಂದ ಕೂತು ಚಾವಿ ತಿರುಗಿಸಿದ. ಎಲ್ಲ ಮುಳ್ಳುಗಳೂ ಒಮ್ಮೆ ತುದಿಮುಟ್ಟಿ ಹಿಂತಿರುಗಿದವು. ಜನ ಆಹಾ ಎಂದರು.

"ಪೆಟ್ರೋಲ್ ಮುಕ್ಕಾಲು! ಬ್ಯಾಟರಿ ಹನ್ನೆರಡೂವರೆ! ಬಿಸಿ..." ಭಾವನ ಬಾಯಿ ಅಲ್ಲೇ ನಿಂತಿತು.

"ಓದಪ್ಪಾ, ಬಿಸಿ ಎಷ್ಟು?" ಎಂದ ಅಜ್ಜ. ಅಜ್ಜ ಕನ್ನಡಕ ಏರಿಸಿ, ಕಿಟಕಿಯೊಳಗೆ ತಲೆ ತೂರಿಸಿ, ಕಿಂಡಿಯಲ್ಲಿದ್ದದ್ದನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ.

"ಟೇಪ್... ಸುತ್ತಿದ್ರಾ... ಅಳಿಯಂದ್ರೇ?"

ಅಲ್ಲಿದ್ದ ಹಳಬರಿಗೆಲ್ಲ ಅದು ಯಾರ ಮಾತು ಎಂದು ಗೊತ್ತಿತ್ತು. ಒಂಬತ್ತು ವರ್ಷದಿಂದ ಆ ಬೀದಿಯಲ್ಲಿ ಯಾರೂ ಯಾರನ್ನೂ ಹಾಗೆ ಕರೆದಿರಲಿಲ್ಲ.

"ಏನಿದು ಹುಡುಗಾಟ? ಬೋರ್ಡ್ ಕೆಟ್ಟಿದೆ!" ಭಾವ ಎದ್ದು ಬಂದ. ಮುಖ ಕೆಂಪಾಗಿತ್ತು.

"ಕೆಟ್ಟಿದ್ರೆ ಸೆನ್ಸರ್ ಬಿಚ್ಚಿ ತೋರ್ಸಿ ಭಾವ," ಎಂದಳು ಅವಳು. "ಟೇಪ್ ಇಲ್ದಿದ್ರೆ ಇವತ್ತೇ ನನ್ನ ಅಂಗಡಿ ಮುಚ್ತೀನಿ."

ಭಾವ ಬಾನೆಟ್ಟಿಗೆ ಬೆನ್ನು ಕೊಟ್ಟು ನಿಂತ. ಆಗ ಅಕ್ಕ ಒಳಬಾಗಿಲಿನಿಂದ ಇಳಿದು ಬಂದಳು. ಗೋಡೆಯ ಮೊಳೆಯಿಂದ ಪಾನಾ ತೆಗೆದು ಗಂಡನ ಕೈಗೆ ಕೊಟ್ಟಳು.

"ಬಿಚ್ರೀ. ಅಪ್ಪ ಕೇಳಿದ್ದಕ್ಕೆ ನೀವಿನ್ನೂ ಉತ್ತರ ಕೊಟ್ಟಿಲ್ಲ."

ತಂಗಿ ಅದನ್ನು ನಿರೀಕ್ಷಿಸಿರಲಿಲ್ಲ.

ಭಾವ ಬಗ್ಗಿ ಸೆನ್ಸರ್ ತಿರುಗಿಸಿ ತೆಗೆದ. ಹೊಸ ಬಿಳಿ ಟೇಪು, ಮೂರು ಸುತ್ತು, ಕೊನೆಯನ್ನು ಹೊಸೆದು ಒಳಗೆ ಸಿಕ್ಕಿಸಿದ್ದು. ಅವಳು ಮಾತ್ರೆ ಡಬ್ಬಿ ತೆರೆದು ಹಳೆಯದನ್ನು ಅದರ ಪಕ್ಕದಲ್ಲಿಟ್ಟಳು. ಕಂದುಬಣ್ಣಕ್ಕೆ ತಿರುಗಿದ ಟೇಪು, ಮೂರು ಸುತ್ತು, ಕೊನೆಯನ್ನು ಹೊಸೆದು ಒಳಗೆ ಸಿಕ್ಕಿಸಿದ್ದು. ವೆಲ್ಡಿಂಗ್ ಅಜ್ಜ ಎರಡನ್ನೂ ಕೈಗೆತ್ತಿಕೊಂಡು ನೋಡಿದ, ಪಕ್ಕದವರಿಗೆ ದಾಟಿಸಿದ. ಎರಡೂ ಸೆನ್ಸರ್ ಒಂದು ಸುತ್ತು ಎಲ್ಲರ ಕೈಯಲ್ಲೂ ಓಡಾಡಿ ಬಂದವು. ಯಾರೂ ನಗಲಿಲ್ಲ.

ಭಾವ ಟೇಪು ಕಿತ್ತು, ವಾಷರ್ ಹಾಕಿ, ಸೆನ್ಸರನ್ನು ಮತ್ತೆ ಬಿಗಿದ. ಕಿಂಡಿಯ ಅಕ್ಷರಗಳು ಮಾಯವಾದವು. ಎಂಜಿನ್ ಶುರುವಾಯಿತು, ಸ್ವಲ್ಪ ಹೊತ್ತಿಗೆ ಮುಳ್ಳು ನಿಧಾನವಾಗಿ ಮೇಲೇಳತೊಡಗಿತು.

"ಬಿಸಿ ಸರಿ," ಎಂದು ಓದಿದ ಭಾವ.

"ಇನ್ನೊಂದು ಓದೋದು ಬಾಕಿ ಇದೆಯಲ್ಲಪ್ಪ," ಎಂದ ಅಜ್ಜ. "ಹನ್ನೊಂದು ವರ್ಷದ್ದು."

ಭಾವ ನೆಲ ನೋಡುತ್ತ ಗೊಣಗಿದ. "ಮಾವನ ಮೀಟರ್ ಸುಳ್ಳು ಹೇಳಿರ್ಲಿಲ್ಲ. ನಾನೇ ಟೇಪ್ ಸುತ್ತಿದ್ದೆ."

ಅಲ್ಲಿಗೆ ಬಿಡಬಹುದಿತ್ತು. ಅವಳು ಬಿಡಲಿಲ್ಲ. "ಕೇಳಿಸ್ಲಿಲ್ಲ ಭಾವ. ಗಟ್ಟಿಯಾಗಿ ಓದ್ಬೇಕಲ್ವಾ?"

ಅವನು ಗಟ್ಟಿಯಾಗಿ ಹೇಳಿದ. ರಸ್ತೆಯಾಚೆಯ ಟೈರಿನಂಗಡಿಯವನಿಗೂ ಕೇಳಿಸಿತು. ಕೇಳಬೇಕಾದವರು ಮಾತ್ರ ಇರಲಿಲ್ಲ. ಅದೊಂದಕ್ಕೆ ಅವಳು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮನಸೋ ಇಚ್ಛೆ ಅತ್ತಳು.

ಎರಡು ವಾರ ಬಿಟ್ಟು ಅಕ್ಕ ಅಂಗಡಿಗೆ ಬಂದಳು. "ಆ ಮಾತು ಕಾರಿಂದ ಅಳಿಸ್ಬೇಕಂತೆ ಕಣೇ. ನನ್ನ ಕೈಲಿ ಕೇಳಿಸ್ತಿದಾರೆ."

"ಟೇಪ್ ಸುತ್ತದಿದ್ರೆ ಅದು ಬರೋದೇ ಇಲ್ವಲ್ಲ ಅಕ್ಕ."

ಅಕ್ಕ ಮೇಜಿನ ಮೇಲಿದ್ದ ಅಪ್ಪನ ಹಳೆಯ ಥರ್ಮಾಮೀಟರನ್ನು ಎತ್ತಿ ಸೆರಗಿನಿಂದ ಒರೆಸಿಟ್ಟಳು. "ಹಾಗಾದ್ರೆ ಇರ್ಲಿ ಬಿಡು," ಎಂದು ಎದ್ದು ಹೋದಳು.

ಈಗಲೂ ಭಾವ ಆ ಕೆನೆಬಣ್ಣದ ಕಾರಿನಲ್ಲೇ ಓಡಾಡುತ್ತಾನೆ. ದಿನಾ ಬೆಳಿಗ್ಗೆ ಚಾವಿ ತಿರುಗಿಸಿದ ಮೇಲೆ, ಎಂಜಿನ್ ಶುರು ಮಾಡುವ ಮೊದಲು, ಒಂದು ಗಳಿಗೆ ಆ ಪುಟ್ಟ ಕಿಂಡಿಯನ್ನೇ ನೋಡುತ್ತ ಕೂರುತ್ತಾನಂತೆ.