ಮಾಸ್ತರ ಕೊರಳಿಗೆ ಬಿದ್ದ ಮಾಲೆ

ಮೊನ್ನೆ ಮಗಳಿಗೆ ಕೆಮ್ಮಿನ ಔಷಧ ಕುಡಿಸಲು ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಆ ವಾಸನೆಗೆ ನಮ್ಮ ಗಣಿತದ ಮಾಸ್ತರು ನೆನಪಾದರು. ಯಲಬುರ್ಗಾ ಹತ್ತಿರದ ನಮ್ಮೂರ ಶಾಲೆಯಲ್ಲಿ, ಅವರ ಮೇಜಿನ ಮೇಲೆ ಅಂಥದೇ ಬಾಟಲಿ ಸದಾ ಇರುತ್ತಿತ್ತು...

ಅವರ ಧ್ವನಿ ಒಡೆದು ವರ್ಷವಾಗಿತ್ತು. ಒಬ್ಬ ಡಾಕ್ಟರಾದರೂ ಗಂಟಲೊಳಗೆ ಇಣುಕಿ ನೋಡಬೇಕಲ್ಲ! "ಬೀಡಿ ಇಲ್ಲ, ಗುಟ್ಕಾ ಇಲ್ಲ, ನಿಮಗೇನಾಗ್ತೈತ್ರಿ? ಚಾಕ್‌ಪೀಸಿನ ಧೂಳ ಅಷ್ಟ," ಎಂದು ಮತ್ತೊಂದು ಬಾಟಲಿ ಬರೆದುಕೊಟ್ಟರು. ಉಸಿರೇ ಸಿಕ್ಕಿಕೊಳ್ಳತೊಡಗಿದ ಮೇಲೆ ಮಾಸ್ತರು ಹುಬ್ಬಳ್ಳಿಗೆ ಹೋದರು. ಅಲ್ಲಿ ಮೂಗಿನಿಂದ ನಳಿಕೆ ಇಳಿಸಿ ನೋಡಿ, ಚೂರು ತೆಗೆದು ಪರೀಕ್ಷಿಸಿದರು. ಧ್ವನಿಪೆಟ್ಟಿಗೆಯ ಮೆದು ಎಲುಬಿನಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್. ನಿಧಾನಕ್ಕೆ ಬೆಳೆಯುವಂಥದ್ದು, ಬೇಗ ಬಂದಿದ್ದರೆ ಧ್ವನಿ ಉಳಿಸಬಹುದಿತ್ತಂತೆ. ಈಗ ಪೆಟ್ಟಿಗೆಯನ್ನೇ ತೆಗೆದರು. ಕೊರಳಲ್ಲೊಂದು ತೂತು, ಅದರ ಮೇಲೆ ತೆಳು ಬಟ್ಟೆ. ಇನ್ನು ಉಸಿರಾಟವೆಲ್ಲ ಅಲ್ಲಿಂದಲೇ.

ಬದುಕಿ ಬಂದರಲ್ಲ, ಶಾಲೆಯಲ್ಲಿ ಸನ್ಮಾನ ಮಾಡೋಣ ಎಂದರು ಊರವರು. ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಶಾಲು ಸುತ್ತಿದರು. ಅದರ ಮೇಲೆ ಚೆಂಡುಹೂವಿನ ಮಾಲೆ, ಮಾಲೆಯ ಮೇಲೆ ಮಾಲೆ, ಗದ್ದ ಮುಟ್ಟುವವರೆಗೆ. ಮಾಸ್ತರು ಎರಡೂ ಕೈಯಿಂದ ಎತ್ತಿ ತೆಗೆಯಲು ಹೋದರು. ಸನ್ಮಾನದಲ್ಲಿ ಎಲ್ಲರೂ ಹಾಗೇ ಮಾಡುತ್ತಾರಲ್ಲ... ವಿನಯವೆಂದುಕೊಂಡು ಸಭೆಯ ಅಧ್ಯಕ್ಷರು ಅವರ ಕೈ ಹಿಡಿದುಕೊಂಡರು. "ಇರ್ಲಿ ಬಿಡ್ರಿ ಸರ್, ಫೋಟೊ ಆಗ್ಲಿ!" ಜನ ಚಪ್ಪಾಳೆ ತಟ್ಟಿದರು. ಮಾಸ್ತರ ಮುಖ ಕಪ್ಪಿಟ್ಟಿತು. ಕೂಗಲು ಧ್ವನಿ ಎಲ್ಲಿತ್ತು?

ಅವರ ಹೆಂಡತಿ ವೇದಿಕೆಗೆ ನುಗ್ಗಿ ಮಾಲೆಗಳನ್ನು ಹರಿದೊಗೆದರು. "ಕೊರಳಾಗಿಂದ ಉಸಿರಾಡ್ತಾರ್ರೀ ಅವ್ರು! ಕೊಲ್ತೀರೇನ್ ನನ್ನ ಗಂಡನ್ನ?"

ಯಾರಾದರೂ ತಪ್ಪಾಯಿತು ಎಂದರೇ? ಎಲ್ಲಿಯ ಮಾತು! "ಹಿರ್ಯಾರು ಹಾಕಿದ ಮಾಲಿ ಹರದಾಳ, ಎಷ್ಟ ಸೊಕ್ಕ ನೋಡ್ರಿ," ಎಂದು ಚಹಾದಂಗಡಿಯಲ್ಲಿ ಆಡಿಕೊಂಡರು. ಇವರ ಬಾಯಿಗಿಷ್ಟು ಮಣ್ಣು ಹಾಕ! ಮಾಸ್ತರು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಮುಂದೆ ರೋಗ ಶ್ವಾಸಕೋಶಕ್ಕೆ ಹಬ್ಬಿ ತೀರಿಕೊಂಡರು. ಅಂಥ ಮಾಸ್ತರು ನಮಗೆ ಇನ್ನು ಸಿಗುವುದಿಲ್ಲ.

ನಿನ್ನೆ ಶಾಲೆಗೆ ಹೋಗಿದ್ದೆ. ಆಫೀಸಿನ ಗೋಡೆಯ ಮೇಲೆ ಕಟ್ಟು ಹಾಕಿದ ಅವರ ಫೋಟೊ. ಅದೇ ಸನ್ಮಾನದ್ದು. ಗದ್ದದವರೆಗೆ ಹೂವು, ಅಗಲಿಸಿದ ಕಣ್ಣು, ಪಕ್ಕದಲ್ಲಿ ಕೈ ಹಿಡಿದು ನಗುವ ಅಧ್ಯಕ್ಷರು... ನಾನು ಕುರ್ಚಿ ಎಳೆದುಕೊಂಡು ಹತ್ತಿ ಅದನ್ನು ಇಳಿಸಿದೆ.

ಹೊಸ ಹೆಡ್‌ಮಾಸ್ತರು ಗಾಬರಿಯಾದರು. "ಯಾಕ್ರಿ? ಭಾಳ ಛಲೋ ಬಂದೈತಲ್ರಿ ಫೋಟೊ!"

"ಸಾಯಾಕತ್ತಾರ್ರಿ ಅವ್ರು ಇದರಾಗ," ಎಂದೆ.