ಡಾಮಾಳ ಹಿಂದೆ ಬಂದ ತೋಳಗಳು

ಕಬೆಟೊ ಮನೆ ಯಾವುದು ಎಂದು ಕೇಳಿಕೊಂಡು ಬಂದವರಿಗೆ ವೆಯಿಬ್ ಹೊಳೆಯ ಮೇಲ್ಕಣಿವೆಯಲ್ಲಿ ದಾರಿ ಸಿಗುವುದು ಕಷ್ಟವಿತ್ತು. ಅಬ್ಬಾ ಡಾಮಾ ಮನೆ ಎಂದರೆ ಕುರಿ ಮೇಯಿಸುವ ಹುಡುಗಿಯೂ ಕೈ ತೋರಿಸುತ್ತಿದ್ದಳು. ನಮ್ಮ ಒರೊಮೊ ಜನರಲ್ಲಿ ಗಂಡಸನ್ನು ಅವನ ಕುದುರೆಯ ಹೆಸರು ಹಿಡಿದು, ಅದರ ಅಪ್ಪ ಎಂದು ಕರೆಯುವುದು ಹಳೆಯ ಕಾಲದ ಮರ್ಯಾದೆ. ಈಗ ಯಾರನ್ನೂ ಹಾಗೆ ಕರೆಯುವುದಿಲ್ಲ. ದಿನ್ಶೋ ಪೇಟೆಯಲ್ಲಿ ಮೋಟಾರ್ ಸೈಕಲ್ ಬಂದ ಮೇಲೆ ಯಾರನ್ನು ಯಾತರ ಅಪ್ಪ ಅನ್ನುವುದು? ಕಬೆಟೊಗೆ ಮಾತ್ರ ಆ ಮರ್ಯಾದೆ ಉಳಿದಿತ್ತು, ಏಕೆಂದರೆ ಅವನನ್ನು ಡಾಮಾಳ ಬೆನ್ನಿನ ಮೇಲಲ್ಲದೆ ಬೇರೆ ಕಡೆ ಕಂಡವರು ಕಡಿಮೆ.

ಡಾಮಾ ಕೆಂಗಂದು ಬಣ್ಣದ ಹೆಣ್ಣು ಕುದುರೆ. ಗಿಡ್ಡ, ಗಟ್ಟಿ, ಸ್ವಲ್ಪ ಹಟಮಾರಿ. ಕಬೆಟೊನ ಎಡಮೊಣಕಾಲು ಮಡಚುತ್ತಿರಲಿಲ್ಲ. ನೆಲದ ಮೇಲೆ ಅವನು ಒಂದು ಕಾಲು ಕುಂಟುವ ಮೇಜಿನ ಹಾಗೆ. ಕುದುರೆ ಏರಿದರೆ ಸುಲ್ತಾನ. ಹದಿನಾರು ವರ್ಷದಿಂದ ಅವನ ಕೆಲಸ ತೋಳ ಎಣಿಸುವುದು. ಮಳೆ ಬರಲಿ, ಆಲಿಕಲ್ಲು ಬೀಳಲಿ, ಬೆಳಗಾಗುತ್ತಲೇ ಹುರಿದ ಬಾರ್ಲಿ ಹಿಟ್ಟಿಗೆ ಬೆಣ್ಣೆ ಕಲಸಿದ ಉಂಡೆಯನ್ನು ಜೇಬಿಗೆ ಹಾಕಿಕೊಂಡು ಮೇಲಿನ ಬಯಲಿಗೆ ಹೋಗುವುದು, ಯಾವ ಗುಂಪು ಎಲ್ಲಿ ಮಲಗಿದೆ, ಎಷ್ಟು ಮರಿ, ಯಾವುದು ಕುಂಟುತ್ತಿದೆ ಎಂದು ನೋಡಿ ಬಂದು ಎಣಿಕೆಯ ಕಚೇರಿಯಲ್ಲಿ ಬರೆಸುವುದು. ಅದ್ದಿಸ್ ಅಬಾಬಾ ಬಸ್ಸಿನಲ್ಲಿ ಬಂದಿಳಿಯುವ ಪ್ರವಾಸಿಗರನ್ನು ಕುದುರೆಗಳ ಮೇಲೆ ಹತ್ತಿಸಿ ತೋಳ ತೋರಿಸಲು ಕರೆದೊಯ್ಯುವುದೂ ಅವನ ಪಾಲಿಗೇ ಬಂತು. ಕಣಿವೆಯ ನಲವತ್ತು ಮನೆಯವರು ಸರದಿಯ ಮೇಲೆ ಕುದುರೆ ಕೊಡುತ್ತಿದ್ದರು.

ನಮ್ಮ ತೋಳ ಕೆಂಪಗೆ, ಉದ್ದ ಕಾಲಿನದು. ಕುರಿ ಮುಟ್ಟುವುದು ಅಪರೂಪ. ಹುಲ್ಲಿನಡಿಯ ಇಲಿಯೇ ಅದರ ಹೊಟ್ಟೆಪಾಡು. ಇಡೀ ಲೋಕದಲ್ಲಿ ಇವು ಐನೂರು ಇದ್ದರೆ ಹೆಚ್ಚು ಎಂದು ಎಣಿಕೆಯವರು ಹೇಳುತ್ತಾರೆ. ಅಷ್ಟರಲ್ಲಿ ಒಂಬತ್ತು ಕಬೆಟೊನ ದಾರಿಯ ಗುಂಪಿನಲ್ಲಿದ್ದವು. ಅವುಗಳ ತಾಯಿಗೆ ಒಂದು ಕಿವಿ ಹರಿದಿತ್ತು. ನಮ್ಮ ಮಾತಿನಲ್ಲಿ ಈ ತೋಳಕ್ಕೆ ಕುದುರೆಯ ನರಿ ಎಂದು ಹೆಸರು. ಗಬ್ಬದ ಕುದುರೆ ಕಂಡರೆ ಅದು ದಿನಗಟ್ಟಲೆ ಹಿಂದೆ ಅಲೆಯುತ್ತದೆ. ಕುದುರೆಯ ಗೊರಸಿಗೆ ಇಲಿಗಳು ಹೆದರುವುದಿಲ್ಲ, ಹಾಗಾಗಿ ಅದರ ಮರೆಯಲ್ಲಿ ನಡೆದರೆ ಬೇಟೆ ಸುಲಭ. ಮರಿ ಹಾಕಿದ ದಿನ ಮರಿಯ ಹಿಂದೆ ಬೀಳುವ ಮಾಸು ಸಿಗುತ್ತದೆ, ಅದು ಹಬ್ಬದೂಟ.

ಇದನ್ನು ಕಣಿವೆಯಲ್ಲಿ ಎಲ್ಲರೂ ಬಲ್ಲರು. ಅದನ್ನು ಕೆಲಸಕ್ಕೆ ಬಳಸಿಕೊಂಡವನು ಕಬೆಟೊ ಒಬ್ಬನೇ.

ಪ್ರವಾಸಿಗರು ಸಾವಿರಾರು ಮೈಲಿ ದಾಟಿ ಬಂದು ಮೂರು ದಿನ ಮಂಜು ನೋಡಿಕೊಂಡು ಹೋಗುವುದು ಅವನಿಗೆ ನಾಚಿಕೆಯ ವಿಷಯವಾಗಿತ್ತು. ಮನೆಗೆ ಬಂದ ನೆಂಟರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದ ಹಾಗೆ. ಡಾಮಾ ಮೊದಲ ಸಲ ಗಬ್ಬವಾದಾಗ ಅವನು ಅವಳ ಮೇಲೆ ಕೂರದೆ ಹಗ್ಗ ಹಿಡಿದು ನಿಧಾನಕ್ಕೆ ಬಯಲಲ್ಲಿ ನಡೆಸಿದ. ಹರಿದ ಕಿವಿಯವಳು ಹಿಂದೆ ಬಂದಳು. ಹತ್ತು ಹೆಜ್ಜೆ ದೂರ. ಪ್ರವಾಸಿ ಹೆಂಗಸೊಬ್ಬಳು ಕ್ಯಾಮೆರಾ ಎತ್ತುವುದನ್ನೂ ಮರೆತು ಅತ್ತಳು. ಡಾಮಾ ಬಯಲಲ್ಲೇ ಮರಿ ಹಾಕಿದಾಗ ಕಬೆಟೊ ಮಾಸನ್ನು ಹೂಳದೆ ಒಂದು ಬಂಡೆಯ ಪಕ್ಕ ಬಿಟ್ಟು ಬಂದ. ಎರಡನೇ ಬಸಿರಿಗೂ ಹಾಗೆಯೇ, ಮೂರನೆಯದಕ್ಕೂ ಹಾಗೆಯೇ. ಕಡೆಗೆ ಡಾಮಾ ಗಬ್ಬವಾಗುವುದೇ ತಡ, ಒಂಬತ್ತೂ ತೋಳಗಳು ಅವಳ ವಾಸನೆ ಹಿಡಿದು ಬರತೊಡಗಿದವು.

"ತೋಳಕ್ಕೆ ಬಾಣಂತನದ ಊಟ ಹಾಕೋ ಗಂಡಸು ಈ ಭೂಮಿ ಮೇಲೆ ನೀನೊಬ್ಬನೇ," ಎಂದು ಹೆಂಡತಿ ಮೊಮಿನಾ ಹಂಗಿಸುವಳು. "ನಾನು ಐದು ಹೆತ್ತೆ, ಒಂದು ಸಲನಾದ್ರೂ ಗಂಜಿ ಕಾಯಿಸಿದ್ಯಾ?"

"ನಿನ್ನ ನೋಡೋಕೆ ಯಾರೂ ಬಸ್ಸಲ್ಲಿ ಬರ್ಲಿಲ್ವಲ್ಲೇ."

"ಬರ್ತಿದ್ರು. ನೀನೇ ಬೇಲಿ ಎತ್ತರ ಕಟ್ಟಿದೆ."

ನಾಲ್ಕನೇ ಬಸಿರು ತುಂಬುತ್ತಿದ್ದಾಗ ದನಗಳು ಉಪ್ಪುನೀರಿನ ಊಟೆಗೆ ಮೇಲೆ ಬರುವ ಕಾಲ. ಎಲ್ಲೆಲ್ಲಿಂದಲೋ ಮಂದೆಗಳು, ಮಂದೆಯ ಜೊತೆ ನಾಯಿಗಳು. ಒಂದು ಮಧ್ಯಾಹ್ನ ಯಾರದೂ ಅಲ್ಲದ ಹಳದಿ ನಾಯಿಯೊಂದು ಜೊಲ್ಲು ಸುರಿಸುತ್ತ, ನೇರ ಗೆರೆ ಎಳೆದ ಹಾಗೆ ಹುಲ್ಲುಗಾವಲು ದಾಟಿ ಬಂತು. ಒಂದು ಕರುವನ್ನು ಕಚ್ಚಿತು. ಮೇಯುತ್ತಿದ್ದ ಡಾಮಾಳ ಮೇಲ್ತುಟಿಗೆ ಬಾಯಿ ಹಾಕಿತು. ದನಗಾಹಿಗಳು ಅದನ್ನು ಈಟಿಯಿಂದ ತಿವಿದು ಕೊಂದು ಸುಟ್ಟರು. ಕರುವನ್ನೂ ಅಂದೇ ಕೊಂದರು. ಡಾಮಾಳ ತುಟಿಯಲ್ಲಿ ಎರಡೇ ಎರಡು ಚುಕ್ಕೆ ಗಾಯ.

ನಾಯಿಗಳಿಗೆ ಸೂಜಿ ಹಾಕಲು ಕಣಿವೆಗೆ ಬರುವ ಪಶುವೈದ್ಯೆ ಸೆದಾಲೆ ಮರುದಿನವೇ ಬಂದಳು. ಗಾಯ ತೊಳೆದಳು, ಸೂಜಿ ಕೊಟ್ಟಳು. ಕಬೆಟೊನ ಕೈ ಹಿಡಿದು ನೋಡಿ ಕೇಳಿದಳು, "ಬಾಯೊಳಗೆ ಕೈ ಹಾಕಿದ್ಯಾ?"

"ಹಾಕಿದೆ ಡಾಕ್ಟ್ರಮ್ಮ. ಹಲ್ಲು ನೋಡ್ಬೇಕಿತ್ತು."

"ಹಾಗಾದ್ರೆ ನೀನೂ ರೋಬೆ ಆಸ್ಪತ್ರೆಗೆ ನಡಿ. ಐದು ಸೂಜಿ. ಒಂದೂ ತಪ್ಪಿಸೋ ಹಾಗಿಲ್ಲ."

"ಇವನಿಗ್ಯಾಕೆ ಸೂಜಿ ದಂಡ?" ಎಂದಳು ಸುದ್ದಿ ಕೇಳಿ ಮೇಲೆ ಬಂದಿದ್ದ ಮೊಮಿನಾ. "ಮದುವೆ ದಿನದಿಂದ್ಲೂ ಹುಚ್ಚನೇ ಇವನು." ಯಾರೂ ನಗಲಿಲ್ಲ. ಅವಳೂ ನಗಲಿಲ್ಲ.

ಸೆದಾಲೆ ಮಾತನ್ನು ತೇಲಿಸುವವಳಲ್ಲ. "ಸೂಜಿ ಹಿಡಿದ್ರೆ ಹಿಡೀತು, ಇಲ್ಲಾಂದ್ರೆ ಇಲ್ಲ. ಎರಡು ತಿಂಗಳು ಕಾಯ್ಬೇಕು. ಅಲ್ಲೀವರೆಗೆ ಇವಳು ಬಯಲಿಗೆ ಹೋಗ್ಬಾರದು. ಹುಚ್ಚು ಕೆರಳಿ ಇವಳು ಸತ್ತರೆ ಒಂದು ತುತ್ತೂ ತೋಳದ ಬಾಯಿಗೆ ಬೀಳ್ಬಾರದು, ನಾಯಿ ಬಾಯಿಗೂ ಬೀಳ್ಬಾರದು. ನಿಂಗೆ ನೆನಪಿದೆಯಲ್ಲ?"

ಕಬೆಟೊಗೆ ನೆನಪಿತ್ತು. ಹಿಂದೊಮ್ಮೆ ಇದೇ ಕಾಯಿಲೆ ನಾಯಿಯಿಂದ ತೋಳಕ್ಕೆ ದಾಟಿದಾಗ ಅವನು ಒಂದೇ ತಿಂಗಳಲ್ಲಿ ಇಪ್ಪತ್ತೆರಡು ತೋಳಗಳ ಹೆಣ ಹೊತ್ತು ತಂದಿದ್ದ.

ಡಾಮಾಳನ್ನು ಊರಿಗೆ ಇಳಿಸಿ, ಮನೆಯ ಹಿಂದಿನ ದೊಡ್ಡಿಯಲ್ಲಿ ಕಟ್ಟಿದ. ಬಯಲಿಂದ ಅರ್ಧ ದಿನದ ದಾರಿ. ತೋಳ ಇಷ್ಟು ಕೆಳಗೆ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಅಲ್ಲಿಗೆ ಆಪತ್ತು ಕಳೆಯಿತು ಎಂದುಕೊಂಡು ತನ್ನ ಸೂಜಿಗೆ ರೋಬೆಗೆ ಹೋದ.

ಹದಿನೆಂಟನೆಯ ದಿನ ಡಾಮಾಳ ಕೆಚ್ಚಲ ತುದಿಯಲ್ಲಿ ಮೇಣದಂಥ ಹನಿ ಕಟ್ಟಿತು. ಇನ್ನೆರಡು ಮೂರು ದಿನಕ್ಕೆ ಮರಿ ಎಂದು ಅದರ ಅರ್ಥ. ಅಂದು ಸಂಜೆಯೇ ಮೊಮಿನಾ ಒಗೆದ ಬಟ್ಟೆ ಹರವುತ್ತಿದ್ದವಳು ಕೂಗಿದಳು. "ಬಾ ಇಲ್ಲಿ. ನಿನ್ನ ನೆಂಟರು ಬಂದಿದಾರೆ."

ಬಾರ್ಲಿ ಹೊಲದ ಆಚೆಯ ಇಳಿಜಾರಿನಲ್ಲಿ ಒಂಬತ್ತು ಕೆಂಪು ಬೆನ್ನು. ಹರಿದ ಕಿವಿಯವಳು ಮುಂದೆ. ಊರಿನ ಹನ್ನೊಂದು ನಾಯಿಗಳೂ ಬೊಗಳುತ್ತ ಬೇಲಿ ಬಿಟ್ಟು ಓಡಿದವು. ಅವುಗಳಲ್ಲಿ ಸೂಜಿ ಬಿದ್ದಿದ್ದು ಏಳಕ್ಕೆ ಮಾತ್ರ. ಉಳಿದ ನಾಲ್ಕು ಆ ಹಳದಿ ನಾಯಿಯ ದಿನ ಎಲ್ಲಿ ತಿರುಗುತ್ತಿದ್ದವು ಎಂದು ಯಾರಿಗೆ ಗೊತ್ತು?

ಕಬೆಟೊ ಕುಂಟುತ್ತ ಓಡಿದ. ನಾಯಿಗಳನ್ನು ಒದ್ದು ಹಿಂದಕ್ಕೆ ಅಟ್ಟಿದ. ಆಮೇಲೆ ಬಗ್ಗಿ ಕಲ್ಲು ತೆಗೆದುಕೊಂಡ. ಹದಿನಾರು ವರ್ಷದಲ್ಲಿ ತೋಳಕ್ಕೆ ಅವನು ಕಲ್ಲೆತ್ತಿದ್ದು ಅದೇ ಮೊದಲು. ಕಲ್ಲು ಹರಿದ ಕಿವಿಯವಳ ಮುಂದೆ ಬಿತ್ತು. ಅವಳು ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಕಲ್ಲನ್ನು ಮೂಸಿ, ಅಲ್ಲೇ ಕೂತಳು. ಅವನು ಎಸೆದದ್ದು ತಿನ್ನುವ ವಸ್ತುವೇ ಇರಬೇಕು ಎಂದು ಅವಳ ಲೆಕ್ಕ. ಈ ಮನುಷ್ಯನಿಂದ ಅವಳಿಗೆ ಬೇರೇನೂ ಬಂದಿರಲಿಲ್ಲ.

ಅವನು ವಾಪಸು ಬಂದು ಜಗುಲಿಯಲ್ಲಿ ಕೂತು ಮೊಮಿನಾಗೆ ಹೇಳಿದ, "ನಾನೇ ಕರೆದದ್ದು ಕಣೆ. ನಾನು ಕರೀದಿದ್ರೆ ಅವು ಇಲ್ಲೀತನಕ ಇಳೀತಿರ್ಲಿಲ್ಲ."

ಕೆಳಗಿನ ಬೆಚ್ಚನೆಯ ನಾಡಿನಲ್ಲಿ ಮೊಮಿನಾಳ ಅಣ್ಣನ ಮನೆ ಇದೆ. ಅಲ್ಲಿ ತೋಳವಿಲ್ಲ. ಬೆಳಗಾದರೆ ಡಾಮಾಳನ್ನು ಅಲ್ಲಿಗೆ ನಡೆಸಿಕೊಂಡು ಹೋಗುವುದು ಎಂದು ಗಂಡ ಹೆಂಡತಿ ಮಾತಾಡಿಕೊಂಡರು. ಬೆಳಗಾಯಿತು. ಡಾಮಾ ನೀರು ಮುಟ್ಟಿರಲಿಲ್ಲ. ತುಟಿಯನ್ನು ದೊಡ್ಡಿಯ ಮರಕ್ಕೆ ಉಜ್ಜಿ ಉಜ್ಜಿ ರಕ್ತ ಮಾಡಿಕೊಂಡಿದ್ದಳು. ಕಬೆಟೊ ಹೆಸರು ಹಿಡಿದು ಕರೆದರೆ ಹಲ್ಲು ಬಿಟ್ಟು ಬಂದಳು.

ಫೋನು ಮಾಡಿದ ಎರಡು ತಾಸಿಗೆ ಸೆದಾಲೆ ಬಂದಳು. ಬೇಲಿಯ ಹೊರಗಿನಿಂದಲೇ ನೋಡಿದಳು. ಅವಳು ಬಾಯಿ ಬಿಡುವ ಮೊದಲೇ ಎಲ್ಲರಿಗೂ ಗೊತ್ತಾಗಿತ್ತು. ಊರ ಗಂಡಸರು ಸೇರಿದ್ದರು. ಕುದುರೆ ಸರದಿಯ ಹಿರಿಯ, ಎಪ್ಪತ್ತು ದಾಟಿದ ಹಾಜಿ ಜರ್ಸೊ ಕೋಲೂರಿ ನಿಂತು ಹೇಳಿದ, "ಮೇಣ ಕಟ್ಟಿದೆ ಕಣೋ. ಇವತ್ತಲ್ಲ ನಾಳೆ ಹಾಕ್ತಾಳೆ. ಒಂದೆರಡು ದಿನ ತಡ್ಕೊ. ಹೊಟ್ಟೇಲಿರೋದು ಏನು ಪಾಪ ಮಾಡಿದೆ?"

"ಮರಿ ಉಳಿಯುತ್ತಾ?" ಕಬೆಟೊ ಸೆದಾಲೆಯನ್ನು ಕೇಳಿದ.

"ಉಳೀಬಹುದು. ಉಳೀದೇನೂ ಇರಬಹುದು. ನಾನು ಸುಳ್ಳು ಹೇಳಲ್ಲ. ತಾಯಿ ಉಳಿಯಲ್ಲ, ಅದು ಖಂಡಿತ."

"ಕೇಳಿದ್ಯಲ್ಲ, ಉಳೀಬಹುದಂತೆ," ಎಂದ ಹಾಜಿ. "ಕುದುರೆ ಕೊಂದವನು ಇದಾನಾ ನಮ್ಮ ಅರ್ಸಿ ಕುಲದಲ್ಲಿ? ನಮ್ಮಪ್ಪ ಕುದುರೆ ಸತ್ತಾಗ ಮೂರು ದಿನ ಊಟ ಬಿಟ್ಟಿದ್ದ. ನೀನು ಬಸುರೀನ ಕೊಲ್ತೀಯಾ?"

ಕಬೆಟೊ ಇಳಿಜಾರಿನ ಕಡೆ ಗದ್ದ ಎತ್ತಿ ತೋರಿಸಿದ. ತೋಳಗಳು ಅಲ್ಲೇ ಇದ್ದವು, ಹುಲ್ಲಿನಲ್ಲಿ ಮುಂಗಾಲ ಮೇಲೆ ತಲೆ ಇಟ್ಟುಕೊಂಡು.

"ಎರಡು ದಿನ ಅವೂ ಕಾಯ್ತವೆ ಹಾಜಿ. ಅವಕ್ಕೆ ಬೇರೆ ಕೆಲಸ ಇಲ್ಲ. ಇವಳು ಹುಚ್ಚಿಗೆ ಬೇಲಿ ಮುರಿದು ಓಡಿದ್ರೆ ನೀವು ಹಿಡೀತೀರಾ? ಮಂಜಲ್ಲಿ ಎಲ್ಲೋ ಬಿದ್ದು ಮರಿ ಹಾಕ್ಬಿಟ್ರೆ? ಒಂಬತ್ತೂ ತಿಂತವೆ. ಒಂಬತ್ತರಿಂದ ಮೇಲಿನ ಗುಂಪಿಗೆ, ಅಲ್ಲಿಂದ ಇನ್ನೊಂದಕ್ಕೆ. ಇಪ್ಪತ್ತೆರಡು ಹೆಣ ಇದೇ ಹೆಗಲ ಮೇಲೆ ತಂದೆ. ಆಗ ನಾಯಿ ತಂದಿತ್ತು. ಈ ಸಲ ತಂದವನು ನಾನಾಗ್ತೀನಿ."

ಹಾಜಿ ಕೋಲನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. ತಿರುಗಿ ಗುಂಪಿಗೆ ಅಂದ, "ಏನು ನೋಡ್ತಾ ನಿಂತಿದೀರಿ? ಗುದ್ದಲಿ ತನ್ನಿ."

ದೊಡ್ಡಿಗೆ ಅಂಟಿಕೊಂಡೇ ಗುಂಡಿ ತೋಡಿದರು. ನೆಲ ಕಲ್ಲು. ಹನ್ನೆರಡು ಜನ ಸರದಿಯ ಮೇಲೆ ಇಳಿದರೂ ಮಧ್ಯಾಹ್ನವಾಯಿತು. ಸೆದಾಲೆ ಎಲ್ಲ ನಾಯಿಗಳನ್ನೂ ಕಟ್ಟಿಸಿ, ಉಳಿದ ನಾಲ್ಕಕ್ಕೆ ಸೂಜಿ ಹಾಕಿದಳು. ಅರಣ್ಯದ ಕಾವಲುಗಾರ ಬಂದೂಕು ತಂದ. ಕಬೆಟೊ ಡಾಮಾಳ ತಲೆ ಹಿಡಿಯುತ್ತೇನೆ ಎಂದ. ಸೆದಾಲೆ ಬಿಡಲಿಲ್ಲ. ಅವನು ಬೇಲಿಯ ಈಚೆ ನಿಂತು, ಕಡಿದಾದ ಇಳಿಜಾರಿನಲ್ಲಿ ಅವಳನ್ನು ಇಳಿಸುವಾಗ ಹೇಳುವ ಹಾಗೆ, "ಹೋ, ಹೋ, ನಿಧಾನ," ಎಂದ. ಡಾಮಾ ಒಂದು ಗಳಿಗೆ ಕಿವಿ ನೆಟ್ಟಗೆ ಮಾಡಿ ನಿಂತಳು. ಕಾವಲುಗಾರನಿಗೆ ಬೇಕಾಗಿದ್ದುದು ಅಷ್ಟೇ ಹೊತ್ತು.

ಹಗ್ಗ ಹಾಕಿ ಎಳೆದು ಗುಂಡಿಗೆ ಇಳಿಸಿದರು. ಜುನಿಪರ್ ಮರದ ಕೊರಡುಗಳನ್ನು ತಮ್ಮ ತಮ್ಮ ಮನೆಯ ಬೇಲಿಯಿಂದಲೇ ಕಿತ್ತು ತಂದರು. ಮೊಮಿನಾ ಡಾಮಾಳಿಗೆ ನೆಕ್ಕಿಸಲು ಇಟ್ಟಿದ್ದ ಉಪ್ಪುಮಣ್ಣಿನ ಚೀಲವನ್ನು ತಂದು ಮೊದಲು ಸುರಿದಳು. ಬೆಂಕಿ ಸಂಜೆಯವರೆಗೆ ಉರಿಯಿತು. ಹೆಂಗಸರು ಯಾರೋ ಸತ್ತ ಮನೆಯಲ್ಲಿ ಕೂರುವ ಹಾಗೆ ಜಗುಲಿಯಲ್ಲಿ ಸಾಲಾಗಿ ಕೂತರು. ಕಾಫಿ ಕಾಯಿಸಿದರು, ಎಂದೂ ಹಾಕುವ ಬೆಣ್ಣೆಯನ್ನು ಅಂದು ಹಾಕಲಿಲ್ಲ. ಬೂದಿಯ ಮೇಲೆ ಮಣ್ಣು, ಮಣ್ಣಿನ ಮೇಲೆ ಆಳೆತ್ತರ ಕಲ್ಲು ಹೇರಿದರು. ಹೊಗೆಗೆ ಹೆದರಿ ತೋಳಗಳು ಇನ್ನಷ್ಟು ಮೇಲೆ ಸರಿದು ಕೂತವು. ಹೋಗಲಿಲ್ಲ.

ಕಬೆಟೊ ಆ ಕಲ್ಲುಗುಡ್ಡೆಯ ಮೇಲೆ ಕೂತ. ಮೂರು ಹಗಲು ಅಲ್ಲೇ ಕೂತ. ಕತ್ತಲಾದರೆ ಹಾಜಿಯ ಮನೆಯವರು ಬಂದು ಅವನನ್ನು ಎಬ್ಬಿಸಿ ಕಳಿಸಿ ಕಾವಲಿರುತ್ತಿದ್ದರು. ಹರಿದ ಕಿವಿಯವಳು ದಿನಕ್ಕೆರಡು ಸಲ ಇಳಿದು ಬರುವಳು. ಪ್ರತಿ ಸಲ ಕಬೆಟೊ ಕಲ್ಲು ಬೀಸುವನು, ಈಗ ಗುರಿಯಿಟ್ಟು. ಎರಡನೆಯ ದಿನ ಒಂದು ಅವಳ ಪಕ್ಕೆಗೆ ಬಿತ್ತು. ಅವಳು ಕುಂಯ್ ಎಂದು ಅವನ ಮುಖ ನೋಡಿದಳು.

"ಹೋಗೇ," ಎಂದ ಅವನು. "ಏನೂ ಇಲ್ಲ ಇಲ್ಲಿ. ಹೋಗು ನನ್ನ ತಾಯಿ, ಹೋಗು."

ಮೂರನೆಯ ದಿನ ಆಲಿಕಲ್ಲು ಮಳೆ ನಿಂತ ಮೇಲೆ ತೋಳಗಳು ಒಂದೊಂದಾಗಿ ಎದ್ದು ಮೈ ಕೊಡವಿ ದಿಬ್ಬ ಹತ್ತಿದವು. ಕಬೆಟೊ ಗಟ್ಟಿಯಾಗಿ ಎಣಿಸಿದ. ಒಂಬತ್ತನೆಯದು ದಿಬ್ಬ ದಾಟುವ ತನಕ ಏಳಲಿಲ್ಲ.

ಮುಂದಿನ ತಿಂಗಳು ಸೆದಾಲೆಯ ಕಡೆಯವರು ಆ ಗುಂಪನ್ನು ಹಿಡಿದು ಸೂಜಿ ಹಾಕಿದರು. ಗಬ್ಬದ ಕುದುರೆಯನ್ನು ತೋಳದ ದಾರಿಗೆ ಒಯ್ಯುವಂತಿಲ್ಲ, ಮಾಸನ್ನು ಆಳವಾಗಿ ಹೂಳಬೇಕು ಎಂದು ಕುದುರೆ ಸರದಿಯವರು ಕಟ್ಟು ಮಾಡಿದರು. ಬೇಡಿಕೆ ಇಟ್ಟವನು ಕಬೆಟೊ. ಪ್ರವಾಸಿಗರು ಈಗ ತೋಳವನ್ನು ದುರ್ಬೀನಿನಲ್ಲಿ ಕೆಂಪು ಚುಕ್ಕೆಯಾಗಿ ನೋಡುತ್ತಾರೆ. ಕೆಲವರು ಗೊಣಗುತ್ತಾರೆ. ಹಾಜಿ ತನ್ನ ಗಂಡು ಕುದುರೆಯೊಂದನ್ನು ಕೊಡಲು ಬಂದಾಗ ಕಬೆಟೊ ಸಾವಕಾಶ ನೋಡೋಣ ಎಂದ. ಕೋಲೂರಿಕೊಂಡು ನಡೆದೇ ಎಣಿಸಲು ಹೋಗುತ್ತಾನೆ. ಒಂದು ದಿನದ ದಾರಿಗೆ ಎರಡು ದಿನ ಬೇಕು.

ಆರು ತಿಂಗಳಾದ ಮೇಲೆ ಒಂದು ಬೆಳಗ್ಗೆ ಹೊಳೆಯ ತಿರುವಿನಲ್ಲಿ ಹರಿದ ಕಿವಿಯವಳು ಅವನಿಗೆ ಎದುರಾದಳು. ಹಿಂದೆ ನಾಲ್ಕು ಮರಿ. ಅವನನ್ನು ಕಂಡೊಡನೆ ಬಾಲ ಇಳಿಬಿಟ್ಟಳು, ಮರಿಗಳನ್ನು ತಿರುಗಿಸಿಕೊಂಡು, ದಿಬ್ಬದ ಆಚೆಯಿಂದ ದೊಡ್ಡ ಸುತ್ತು ಹಾಕಿ ದಾಟಿಹೋದಳು.

ಅವನು ಮನೆಗೆ ಬಂದು ಕೋಲನ್ನು ಮೂಲೆಗಿಟ್ಟ. "ಇವತ್ತು ಅವಳು ಸಿಕ್ಕಿದ್ಲು. ನನ್ನ ಕಂಡು ಹೆದರಿದ್ಲು."

ಮೊಮಿನಾ ಹಿಟ್ಟು ತಿರುವುತ್ತಿದ್ದ ಕೈ ನಿಲ್ಲಿಸಿದಳು. "ಒಳ್ಳೇದಾಯ್ತು," ಎಂದಳು ಮೆಲ್ಲಗೆ.

"ಹೂಂ. ಒಳ್ಳೇದಾಯ್ತು," ಎಂದು ಅವನು ಗೋಡೆಯ ಕಡೆ ಮುಖ ಮಾಡಿ ಕೂತ.